ಒಂದು ಚೈನು ಎರಡು ಆಣೆ ತಪ್ಪಿದ ದಾರಿ

ಆ ಕೆಲಸ ನನ್ನ ಕೈಗೆ ಬರಲು ಒಬ್ಬ ನೇಕಾರರ ಸೊಂಟನೋವು ಕಾರಣ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಅವರು ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೊಂಟ ಹಿಡಿಸಿಕೊಂಡಿದ್ದರು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಅವರು ಗುಡ್ಡ ಹತ್ತಲು ಶುರು ಮಾಡಿದರು. ಬೀದಿಯ ಮಗ್ಗದವರು ಒಬ್ಬೊಬ್ಬರಾಗಿ ಜೊತೆಗೂಡಿ ಅದೊಂದು ಗುಂಪೇ ಆಯಿತು. ಮಗ್ಗಕ್ಕೆ ರಜೆ ಇರುವ ಅಮಾವಾಸ್ಯೆಯ ದಿನ ಸುತ್ತಲಿನ ಒಂದೊಂದು ಗುಡ್ಡ. ದಾರಿ ತಪ್ಪದಿರಲೆಂದು ಬಂಡೆಗಳ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಹಾಕುತ್ತ ಹೋಗುವುದು ಅವರ ಪದ್ಧತಿ.

ನಾನು ಚಳ್ಳಕೆರೆಯಲ್ಲಿ ಪರವಾನಗಿ ಪಡೆದ ಭೂಮಾಪಕಿ. ಹೊಲ ಭಾಗ ಮಾಡಿಕೊಳ್ಳುವವರು, ಮಾರುವವರು, ಗುತ್ತಿಗೆಗೆ ಕೊಡುವವರು ಅರ್ಜಿ ಹಾಕಿದರೆ ಹೋಗಿ ಅಳೆದು ನಕ್ಷೆ ಮಾಡಿಕೊಡುತ್ತೇನೆ. ದಾರಿ ಕೇಳಿಕೊಂಡು ಯಾರೂ ನನ್ನ ಬಳಿ ಬಂದದ್ದಿಲ್ಲ. ಒಂದು ಬೆಳಿಗ್ಗೆ ಈ ನೇಕಾರರು ಬಂದು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ತಂತಿಬೇಲಿ, ಕಬ್ಬಿಣದ ಗೇಟು, ದೊಡ್ಡ ಬೀಗ. ಬೇಲಿಯ ಆಚೆ ಸಾಲು ಸಾಲು ಸೋಲಾರ್ ಫಲಕಗಳು. ಅವುಗಳ ಹಿಂದೆ ಗುಡ್ಡ.

"ಇದೇನ್ರಿ ಮೇಡಂ, ಗುಡ್ಡಕ್ಕೂ ಬೀಗ ಹಾಕ್ತಾರಾ?" ಎಂದರು.

"ಗುಡ್ಡಕ್ಕೆ ಹಾಕಿಲ್ಲ ಅಣ್ಣಾರೆ, ಗುಡ್ಡದ ದಾರಿಗೆ ಹಾಕಿದಾರೆ" ಎಂದೆ.

"ಅದೇ ಕೇಳ್ತಿರೋದು. ಅದು ಹಾಕಬಹುದಾ?"

ಗ್ರಾಮದ ನಕಾಶೆ ನೋಡಿ ಹೇಳುತ್ತೇನೆ ಎಂದೆ. ಮಾರನೆಯ ದಿನವೇ ದೇವಸಮುದ್ರ ಹೋಬಳಿಯ ಆ ಊರಿಗೆ ಬಸ್ಸು ಹತ್ತಿದೆವು. ಹಿಂದೆ ಯಾವಾಗಲೋ ಒಂದು ಅಳತೆಗೆ ನಾನು ಅಲ್ಲಿಗೆ ಹೋಗಿದ್ದು ಮಸುಕಾಗಿ ನೆನಪಿತ್ತು. ಯಾರ ಹೊಲ, ಯಾವ ಸರ್ವೆ ನಂಬರು ಎಂಬುದು ನೆನಪಿರಲಿಲ್ಲ. ವರ್ಷಕ್ಕೆ ನೂರಾರು ಹೊಲ ತುಳಿಯುವವರಿಗೆ ಇದು ಸಹಜ ಎಂದುಕೊಂಡು ಅಷ್ಟಕ್ಕೇ ಬಿಟ್ಟೆ.

ಗೇಟಿನ ಹತ್ತಿರ ಕುರಿಮಂದೆ ನಿಂತಿತ್ತು. ಮಂದೆಯ ಒಡತಿ ಅರವತ್ತು ದಾಟಿದ ಗಟ್ಟಿ ಹೆಂಗಸು, ಊರವರಿಗೆಲ್ಲ ಅವ್ವ. ಅವ್ವನ ಶೇಂಗಾ ಹೊಲ ಬೇಲಿಗೆ ಅಂಟಿಕೊಂಡೇ ಇತ್ತು. ಮೊದಲು ಹೊಲದ ಬದುವಿನ ಪಕ್ಕದಲ್ಲೇ ಕಾಲುದಾರಿ ಇತ್ತಂತೆ. ಅದರಲ್ಲಿ ನೆಟ್ಟಗೆ ಹೋದರೆ ಗುಡ್ಡದ ಬುಡದ ಗೋಮಾಳ, ಗೋಮಾಳದ ಮೇಲೆ ಬಂಡೆಗಳ ನಡುವೆ ಬೇಸಿಗೆಯಲ್ಲೂ ನೀರು ನಿಲ್ಲುವ ದೊಣೆ. ಎರಡು ವರ್ಷದ ಹಿಂದೆ ಪಕ್ಕದ ಜಮೀನನ್ನು ಸೋಲಾರ್ ಕಂಪನಿ ಗುತ್ತಿಗೆಗೆ ತೆಗೆದುಕೊಂಡು ಬೇಲಿ ಎಳೆದಾಗ ಆ ದಾರಿ ಒಳಗೆ ಸೇರಿಹೋಯಿತು. ಅಂದಿನಿಂದ ಕುರಿಗಳು ಟಾರು ರಸ್ತೆಯಲ್ಲಿ ಮೂರು ಕಿಲೋಮೀಟರು ಸುತ್ತಿ ಗುಡ್ಡಕ್ಕೆ ಹೋಗಬೇಕು.

"ಲಾರಿಗೆ ಎರಡು ಸಿಕ್ಕೊಂಡು ಸತ್ವು. ಒಂದು ಗಬ್ಬದ್ದು," ಅವ್ವ ಹೇಳಿದಳು. "ದಾರಿ ಅಷ್ಟೇ ಅಲ್ಲ, ನನ್ನ ಬದು, ಬದಿನ ಮೇಲಿನ ಎರಡು ಬೇವಿನ ಗಿಡ, ಅವೂ ಬೇಲಿ ಒಳಗೆ ಹೋದ್ವು. ಕೇಳಾಕೆ ಹೋದ್ರೆ ಕಾಗದ ತೋರಿಸ್ತಾರೆ. ಯಾರೋ ಸರ್ವೆಯೋರು ಅಳೆದು ಕೊಟ್ಟಿರೋ ಕಾಗದ ಅಂತೆ."

"ಆ ಕಾಗದ ಸರಿ ಐತೋ ಇಲ್ವೋ ನೋಡೋಣವ್ವ" ಎಂದೆ. ಆ ಮಾತನ್ನು ಎಷ್ಟು ಹಗುರವಾಗಿ ಆಡಿದೆ ಎಂಬುದು ಈಗಲೂ ನನ್ನ ಕಿವಿಯಲ್ಲಿದೆ.

ಅವ್ವ ನೇಕಾರರ ಕಡೆ ತಿರುಗಿದಳು. "ಇವರ್ಯಾರು? ಅಮಾಸೆಗೆ ಬಂದು ಬಿಸ್ಕೀಟ್ ಕವರ್ ಎಸೆದು ಹೋಗೋರಾ? ಅದನ್ನ ಕುರಿ ತಿಂದು ಹೊಟ್ಟೆ ಉಬ್ಬಿ ಬೀಳ್ತಾವೆ, ಗೊತ್ತೇನಪ್ಪ?"

ನೇಕಾರರು ತಲೆ ತಗ್ಗಿಸಿದರು. ಮೊದಲ ದಿನವೇ ನನಗೆ ಒಂದು ವಿಷಯ ತಿಳಿಯಿತು. ನಡೆಯುವ ಹವ್ಯಾಸದವರು ಬೇರೆ, ಮೇಯಿಸುವವರು ಬೇರೆ ಎಂದು ಎರಡು ಅರ್ಜಿ ಹೋದರೆ ಎರಡೂ ಬಿದ್ದುಹೋಗುತ್ತವೆ. ಒಂದೇ ಅರ್ಜಿ ಆಗಬೇಕು, ಅದರಲ್ಲಿ ಅವ್ವನ ಹೆಬ್ಬೆಟ್ಟು ಮೊದಲು ಬೀಳಬೇಕು. ಅದಕ್ಕೇ ಒಂದು ತಿಂಗಳು ಹಿಡಿಯಿತು. ನೇಕಾರರು ಮುಂದಿನ ಅಮಾವಾಸ್ಯೆಗೆ ಗುಂಪನ್ನು ಕರೆತಂದು, ಇನ್ನೊಂದು ಬದಿಯಿಂದ ಗೋಮಾಳಕ್ಕೆ ಸುತ್ತಿಹೋಗಿ, ನಾಲ್ಕು ಗೋಣಿಚೀಲ ಕಸ ಹೆಕ್ಕಿ ಅವ್ವನ ಮನೆಯ ಮುಂದೆ ತಂದು ತೋರಿಸಿದರು. ಅವ್ವ ಚೀಲ ಬಿಚ್ಚಿಸಿ ಒಳಗೆ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಈ ನಡುವೆ ನಾನು ದಾಖಲೆಗಳ ಹಿಂದೆ ಬಿದ್ದಿದ್ದೆ. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಸಾಲು, ಕಾಲುದಾರಿಗೆ ಒಂಟಿ ಚುಕ್ಕೆಸಾಲು ಇರುತ್ತದೆ. ನಕಾಶೆಯಲ್ಲಿ ಕಂಡ ದಾರಿಯನ್ನು ಯಾರೂ ಮುಚ್ಚುವ ಹಾಗಿಲ್ಲ. ಅದು ಎಲ್ಲರದು. ದೃಢೀಕರಿಸಿದ ನಕಲು ಕೈಗೆ ಬಂದ ದಿನ ಭೂತಗನ್ನಡಿ ಹಿಡಿದು ನೋಡಿದೆ. ಊರಿನಿಂದ ಗುಡ್ಡದವರೆಗೆ ಒಂಟಿ ಚುಕ್ಕೆಸಾಲು ಸ್ಪಷ್ಟವಾಗಿತ್ತು. ಪಶ್ಚಿಮಕ್ಕೆ ಈಗ ಕಂಪನಿಗೆ ಗುತ್ತಿಗೆ ಕೊಟ್ಟಿರುವ ರೈತನ ನಂಬರು, ಪೂರ್ವಕ್ಕೆ ಅವ್ವನ ನಂಬರು, ಎರಡರ ಗಡಿಯ ಮೇಲೆ ಚುಕ್ಕೆಗಳು. ಮೊದಲ ಅಳತೆಯ ಕಾಲದ ಟಿಪ್ಪಣಿಯಲ್ಲೂ ಆ ಪಟ್ಟಿ 'ಬ ಖರಾಬು' ಎಂದೇ ಇತ್ತು. ಅಂದರೆ ಯಾರ ಪಹಣಿಗೂ ಸೇರದ, ಸಾರ್ವಜನಿಕರಿಗೆ ಬಿಟ್ಟ ಜಾಗ. ಇಷ್ಟಿದ್ದ ಮೇಲೆ ಇನ್ನೇನು ಬೇಕು ಎಂದು ನೇಕಾರರಿಗೆ ಫೋನು ಮಾಡಿ ಹೇಳಿದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಜಂಟಿ ಅಳತೆಗೆ ದಿನ ಗೊತ್ತಾಯಿತು.

ಆ ದಿನ ತಾಲ್ಲೂಕು ಸರ್ವೆಯರ್ ಬಂದಿದ್ದರು. ಕಂಪನಿಯ ಮ್ಯಾನೇಜರು ಒಬ್ಬ ಸರ್ವೆಯರನ್ನು ಜೊತೆಗೆ ಕರೆತಂದಿದ್ದರು. ಅರ್ಜಿದಾರರ ಪರವಾಗಿ ನಾನು. ರಸ್ತೆಯ ಮೋರಿಯ ಪಕ್ಕದಲ್ಲಿ ಎರಡೂ ನಂಬರುಗಳ ಗಡಿ ಶುರುವಾಗುವ ಬಾಂದುಕಲ್ಲು ಇತ್ತು. ಅದನ್ನೇ ಆಧಾರವಾಗಿ ಹಿಡಿದು ಅಳತೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಗಡಿಗೆರೆ ಎಳೆದು ಮುಗಿಯಿತು. ಗೆರೆ ಸರಿಯಾಗಿ ತಂತಿಬೇಲಿಯ ಮೇಲೆಯೇ ಬಂತು. ಕಾಲುದಾರಿಯ ಪಟ್ಟಿ ಬೇಲಿಯ ಒಳಗೆ ಬರಲಿಲ್ಲ, ಅವ್ವನ ಶೇಂಗಾ ಹೊಲದೊಳಗೆ ಬಂತು.

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ಸಮಾಧಾನದಿಂದಲೇ ಹೇಳಿದರು. "ದಾರಿ ಇಲ್ಲ ಅಂತ ನಾವೂ ಹೇಳ್ತಿಲ್ಲ ಮೇಡಂ. ದಾರಿ ಇದೆ. ಆದರೆ ನಮ್ಮ ಬೇಲಿ ಒಳಗಲ್ಲ, ಈ ಅಮ್ಮನ ಹೊಲದಲ್ಲಿದೆ. ಅಲ್ಲೇ ತೆಗೆಸಿಕೊಳ್ಳಿ, ನಮ್ಮ ತಕರಾರಿಲ್ಲ."

ಅವ್ವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ನನ್ನ ಹೊಲ್ದಾಗಾ? ನಮ್ಮಪ್ಪನ ಕಾಲದಿಂದ ದಾರಿ ಆ ಕಡೆ ಐತೆ. ದಾರಿ ಕೇಳಾಕೆ ಬಂದ್ರೆ ನನ್ನ ಹೊಲಾನೇ ಕಿತ್ಕೊಂತೀರೇನ್ರಿ?"

ನಾನು ಮ್ಯಾನೇಜರನ್ನು, "ಬೇಲಿಯನ್ನು ಯಾವ ಆಧಾರದ ಮೇಲೆ ಹಾಕಿದಿರಿ?" ಎಂದು ಕೇಳಿದೆ. ಅವರ ಸರ್ವೆಯರ್ ಫೈಲು ತೆಗೆದು ಒಂದು ಹಾಳೆ ಮುಂದಿಟ್ಟರು. ಗುತ್ತಿಗೆಗೆ ಎಷ್ಟೋ ಮುಂಚೆ ಜಮೀನಿನ ಮಾಲೀಕ ಮಾಡಿಸಿದ 'ಹನ್ನೊಂದು ಇ', ಅಂದರೆ ನೋಂದಣಿಗೆ ಬೇಕಾಗುವ ಅಳತೆಯ ನಕ್ಷೆ. ಏಳು ವರ್ಷದ ಹಿಂದಿನದು. ಕೆಳಗೆ ಬಲಗಡೆ ಸಹಿ. ಆ ಸಹಿ ನನ್ನದಾಗಿತ್ತು.

"ನಿಮ್ಮದೇ ಅಲ್ವಾ ಮೇಡಂ?" ಎಂದರು ಆ ಸರ್ವೆಯರ್. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

"ನನ್ನದೇ" ಎಂದೆ.

ಸುತ್ತ ನಿಂತವರೆಲ್ಲ ನನ್ನನ್ನೇ ನೋಡಿದರು. ತಾಲ್ಲೂಕು ಸರ್ವೆಯರ್ ಮಹಜರು ಬರೆಯಲು ಶುರು ಮಾಡಿದ್ದರು. ನಾನು ಸಹಿ ಹಾಕುವುದಿಲ್ಲ, ಆಧಾರದ ಕಲ್ಲಿನ ಬಗ್ಗೆ ನನಗೆ ಅನುಮಾನವಿದೆ, ಪರಿಶೀಲಿಸಲು ಹದಿನೈದು ದಿನ ಬೇಕು ಎಂದು ಬರೆದುಕೊಟ್ಟೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅನುಮಾನಕ್ಕೆ ಆಧಾರವೇನೂ ಇರಲಿಲ್ಲ. ಸ್ವಲ್ಪ ಕಾಲಾವಕಾಶ ಬೇಕಿತ್ತು, ಅಷ್ಟೇ.

ಮನೆಗೆ ಬಂದವಳೇ ಹಳೆಯ ಅಳತೆ ಪುಸ್ತಕಗಳನ್ನು ಇಟ್ಟಿದ್ದ ಟ್ರಂಕು ತೆಗೆದೆ. ನಾನು ಏನನ್ನೂ ಎಸೆಯುವವಳಲ್ಲ. ಆ ವರ್ಷದ ಪುಸ್ತಕ ಸಿಕ್ಕಿತು, ಆ ಪುಟವೂ ಸಿಕ್ಕಿತು. ಯಾವುದೇ ಗಡಿಯನ್ನು ಕನಿಷ್ಠ ಎರಡು ಕಲ್ಲುಗಳಿಂದ ತಾಳೆ ನೋಡಬೇಕು. ನನಗೆ ಈ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ಪುಟದ ಮೇಲೆ ನನ್ನದೇ ಅಕ್ಷರ: ಒಂದನೇ ಕಲ್ಲು, ರಸ್ತೆ ಮೋರಿ. ಎರಡನೇ ಕಲ್ಲು, ಹುಡುಕಿದರೂ ಸಿಕ್ಕಿಲ್ಲ. ಹಾಗೆ ಬರೆದು, ಒಂದೇ ಕಲ್ಲಿನಿಂದ ಅಳತೆ ಮುಗಿಸಿದ್ದೆ. ಎಷ್ಟು ಹುಡುಕಿದ್ದೆ? ಅದೂ ನೆನಪಾಯಿತು. ಯುಗಾದಿ ಹತ್ತಿರವಿತ್ತು, ಬಿಸಿಲು ಜೋರಿತ್ತು, ಅದೇ ದಿನ ಇನ್ನೊಂದು ಊರಿನ ಅಳತೆ ಬಾಕಿ ಇತ್ತು. ಬಳ್ಳಾರಿ ಜಾಲಿಯ ಮೆಳೆಯ ಅಂಚಿನಲ್ಲಿ ನಿಂತು ಒಳಗೆ ಇಣುಕಿ ವಾಪಸು ಬಂದಿದ್ದೆ. ಅದನ್ನು ಹುಡುಕಿದ್ದು ಎನ್ನಲಾಗದು.

ಎರಡು ದಿನ ಬಿಟ್ಟು ಒಬ್ಬಳೇ ಹೋದೆ. ಎರಡನೇ ಕಲ್ಲು ಇರಬೇಕಾದದ್ದು ಮೂರು ಗ್ರಾಮಗಳ ಗಡಿ ಕೂಡುವಲ್ಲಿ, ಗೋಮಾಳದ ಮೂಲೆಯಲ್ಲಿ. ಏಳು ವರ್ಷದಲ್ಲಿ ಜಾಲಿ ಇನ್ನೂ ದಟ್ಟವಾಗಿ ಬೆಳೆದಿತ್ತು. ಕುಡುಗೋಲಿನಿಂದ ಕಡಿಯುತ್ತ ಬೆಳಗಿನಿಂದ ಮೂರು ಗಂಟೆ ಹುಡುಕಿದೆ. ಕೈಯೆಲ್ಲ ಮುಳ್ಳು ಗೀರಿತು, ಕಲ್ಲು ಸಿಗಲಿಲ್ಲ. ಮೇಯಿಸಲು ಬಂದಿದ್ದ ಅವ್ವ ಬಂಡೆಯ ಮೇಲೆ ಕೂತು ನನ್ನನ್ನು ನೋಡುತ್ತಿದ್ದಳು. ಅಳತೆಯ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಆ ಸಹಿಯ ಮಾತು ಅವಳಿಗೆ ಪೂರ್ತಿ ತಿಳಿದಿರಲಿಲ್ಲ, ಏನೋ ಎಡವಟ್ಟಾಗಿದೆ ಎಂದಷ್ಟೇ ಗೊತ್ತಿತ್ತು. ಕೊನೆಗೆ ತಾನೇ ಕೂಗಿದಳು.

"ಏನ್ ಹುಡುಕ್ತೀಯೇ ತಾಯಿ?"

"ಗಡಿ ಕಲ್ಲವ್ವ. ಮೂರು ಊರಿನ ಗಡಿ ಕಲ್ಲು. ಮೇಲೆ ಗೀಟು ಕೊರೆದಿರ್ತಾರೆ."

"ಗೀಟು ಗೀಟು ನಾ ಕಾಣೆ. ಕುರಿ ಮೈ ಉಜ್ಜೋ ಕಲ್ಲೊಂದು ಐತೆ. ಬಾ."

ನಾನು ಹುಡುಕುತ್ತಿದ್ದ ಜಾಗದಿಂದ ಮೂವತ್ತು ಹೆಜ್ಜೆ ಕೆಳಗೆ, ಮೆಳೆಯ ನಡುವೆ ಕುರಿಗಳೇ ಮಾಡಿಕೊಂಡ ಸಂದಿಯಲ್ಲಿ ಸೊಂಟದೆತ್ತರದ ಕಲ್ಲು ನಿಂತಿತ್ತು. ಎಷ್ಟೋ ವರ್ಷಗಳಿಂದ ಕುರಿಗಳು ಉಜ್ಜಿ ಉಜ್ಜಿ ಅದರ ಮೈ ಎಣ್ಣೆ ಸವರಿದಂತೆ ಕಪ್ಪಗೆ ಹೊಳೆಯುತ್ತಿತ್ತು. ಸುತ್ತ ಉಣ್ಣೆಯ ಎಳೆಗಳು. ಅವನ್ನು ಸರಿಸಿ ತಲೆಯ ಮೇಲೆ ಕೈಯಾಡಿಸಿದೆ. ಬೆರಳಿಗೆ ಕೊರೆದ ಗೀಟು ಸಿಕ್ಕಿತು. ಮೂರು ಗೀಟು, ಮೂರು ಊರಿನ ದಿಕ್ಕಿಗೆ.

ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿದೆ. "ಅವ್ವ, ರಸ್ತೆ ಮೋರಿ ಹತ್ರ ಒಂದು ಕಲ್ಲು ಐತಲ್ಲ, ಅದು ಮೊದ್ಲಿಂದ ಅಲ್ಲೇ ಐತಾ?"

"ಎಲ್ಲಿಂದ? ಮೋರಿ ಕಟ್ಟೋವಾಗ ಕೂಲಿಯೋರು ಅದನ್ನ ಕಿತ್ತು ಮಲಗಿಸ್ಕೊಂಡು ಅದರ ಮೇಲೆ ಕೂತು ಉಣ್ತಿದ್ರು. ಮೋರಿ ಮುಗಿದ ಮ್ಯಾಲೆ ಈ ಕಡೆ ನೆಟ್ಟು ಹೋದ್ರು. ಮೊದ್ಲು ಆ ಕಡೆ ಇತ್ತು."

ಮಾರನೆಯ ದಿನ ಚೈನು ಹಿಡಿಯಲು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದೆ. ಹಳೆಯ ಟಿಪ್ಪಣಿಯ ಲೆಕ್ಕವೆಲ್ಲ ಚೈನು, ಆಣೆಗಳಲ್ಲಿ ಇರುತ್ತದೆ. ಮೂವತ್ತಮೂರು ಅಡಿಗೆ ಒಂದು ಚೈನು, ಒಂದು ಚೈನಿಗೆ ಹದಿನಾರು ಆಣೆ. ಮೂರೂರ ಕಲ್ಲಿನಿಂದ ಟಿಪ್ಪಣಿಯಲ್ಲಿದ್ದ ಹಾಗೆ ಕೆಳಗೆ ಇಳಿಯುತ್ತ ಬಂದೆವು. ರಸ್ತೆ ಮುಟ್ಟಿದಾಗ ನಾವು ಮೋರಿಯ ಆಚೆ ಬದಿಯಲ್ಲಿದ್ದೆವು. ಅಲ್ಲಿಂದ ಈಗಿನ ಕಲ್ಲಿಗೆ ಅಳೆದರೆ ಒಂದು ಚೈನು ಎರಡು ಆಣೆ. ನಂಬಿಕೆಯಾಗದೆ ಇನ್ನೊಂದು ಬದಿಯ ಹೊಲದ ಮೂಲೆಗಲ್ಲಿನಿಂದಲೂ ಅಳೆದು ನೋಡಿದೆ. ಅದೇ ಬಂತು. ಕಲ್ಲು ಮೂವತ್ತೇಳು ಅಡಿ ಪೂರ್ವಕ್ಕೆ ಸರಿದಿತ್ತು. ಅದನ್ನು ನಂಬಿ ನಾನು ಎಳೆದ ಗೆರೆಯೂ ಅಷ್ಟೇ ಸರಿದಿತ್ತು. ಕಾಲುದಾರಿಯನ್ನೂ, ಅವ್ವನ ಬದುವನ್ನೂ, ಎರಡು ಬೇವಿನ ಮರಗಳನ್ನೂ ಬೇಲಿಯ ಒಳಗೆ ಹಾಕಿದ್ದು ಕಂಪನಿಯಲ್ಲ. ನಾನು.

ನೇಕಾರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಮಗ್ಗದಿಂದ ಎದ್ದು ಬಂದು, ಜಗುಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ಕಲ್ಲು ಕಿತ್ತೋರು ರಸ್ತೆ ಕೆಲಸದೋರು. ನೀವೇನು ಮಾಡ್ತೀರಿ ಮೇಡಂ? ಕಲ್ಲು ಸರಿದೈತೆ ಅಂತ ಮಾತ್ರ ಹೇಳೋಣ. ನಿಮ್ಮ ಹೆಸರು ಯಾಕೆ?"

ಆ ದಾರಿಯನ್ನೂ ನಾನು ಯೋಚಿಸಿದ್ದೆ. ತಾಲ್ಲೂಕು ಸರ್ವೆಯರನ್ನು ಕೇಳಿಯೂ ನೋಡಿದ್ದೆ. ಅವರು ಬಿಡಿಸಿ ಹೇಳಿದ್ದರು. ನನ್ನ ನಕ್ಷೆ ಮಂಜೂರಾದ ದಾಖಲೆ. ಅದನ್ನು ಯಾರಾದರೂ ಪ್ರಶ್ನಿಸಿ ಮೇಲ್ಮನವಿ ಹೋದರೆ ವಿಚಾರಣೆ ಎಷ್ಟು ವರ್ಷವಾದರೂ ಎಳೆಯಬಹುದು. ಅಳೆದವರೇ ತಪ್ಪಾಗಿದೆ ಎಂದು ಹೇಳಿಕೆ ಕೊಟ್ಟರೆ ಮರು ಅಳತೆಗೆ ಆದೇಶ ಬೇಗ ಆಗುತ್ತದೆ. "ಆದರೆ ನಿಮ್ಮ ಲೈಸೆನ್ಸಿನ ಮೇಲೆ ಬರುತ್ತೆ. ಯೋಚನೆ ಮಾಡಿ" ಎಂದಿದ್ದರು.

ಮೂರು ದಿನ ಯೋಚನೆ ಮಾಡಿದೆ. ಪರವಾನಗಿ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಮನೆಯವರಿಗೆ ಹೇಳಿದಾಗ ಅವರು, "ನೀನು ಅಳೆದ ಬೇರೆ ಹೊಲದೋರೂ ನಾಳೆ ಬಂದು ಬಾಗಿಲು ಬಡೀತಾರೆ" ಎಂದರು. ಅದು ಹೆದರಿಸಲು ಆಡಿದ ಮಾತಲ್ಲ, ನಿಜವಾಗಿಯೂ ಆಗಬಹುದಾದದ್ದು. ಆದರೆ ಆ ಮೂರು ದಿನವೂ ಬೆಳಿಗ್ಗೆ ಎದ್ದಾಗ ಅವ್ವನ ಕುರಿಗಳು ಈ ಹೊತ್ತಿಗೆ ಟಾರು ರಸ್ತೆಯಲ್ಲಿ ಇರುತ್ತವೆ ಎಂಬುದೇ ಮೊದಲು ನೆನಪಾಗುತ್ತಿತ್ತು. ನಾಲ್ಕನೆಯ ದಿನ ಹೇಳಿಕೆ ಬರೆದೆ. ಒಂದೂವರೆ ಪುಟ. ಕಲ್ಲು ಸರಿದಿತ್ತು ಎಂಬುದಕ್ಕಿಂತ ಮುಂಚೆ, ಎರಡನೇ ಕಲ್ಲನ್ನು ನಾನು ಸರಿಯಾಗಿ ಹುಡುಕಲಿಲ್ಲ ಎಂದು ಬರೆದೆ. ಅಳತೆ ಪುಸ್ತಕದ ಆ ಪುಟದ ನಕಲನ್ನೂ ಲಗತ್ತಿಸಿದೆ.

ಕಚೇರಿಗೆ ಕೊಡುವ ಮೊದಲು ಇಬ್ಬರಿಗೆ ನಾನೇ ಹೇಳಬೇಕಿತ್ತು. ಮೊದಲು ಜಮೀನಿನ ಮಾಲೀಕನ ಮನೆಗೆ ಹೋದೆ. ಆತ ಸಿಡಿದೆದ್ದ. "ಏಳು ವರ್ಷ ಆದ್ಮೇಲೆ ಬಂದು ತಪ್ಪಾಗೈತೆ ಅಂತೀರಾ? ಕಂಪನಿಯೋರಿಗೆ ನಾನು ಏನು ಹೇಳ್ಲಿ? ನನ್ನ ಮರ್ಯಾದೆ ಏನಾಗ್ಬೇಕು?" ನಾನು ನಿಂತೇ ಕೇಳಿಸಿಕೊಂಡೆ. ಕೂರಿ ಎಂದು ಆತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊರಡುವಾಗ, "ಮರು ಅಳತೆಗೆ ನೀವೂ ಬನ್ನಿ, ಪ್ರತಿ ಕಲ್ಲನ್ನೂ ನಿಮ್ಮ ಕಣ್ಣ ಮುಂದೆಯೇ ಹಿಡಿಸ್ತೀನಿ" ಎಂದೆ. ಆತ ಬಾಗಿಲು ಹಾಕಿಕೊಂಡ.

ಅವ್ವನಿಗೆ ಹೇಳಿದ್ದು ಹೊಲದ ಬದಿಯಲ್ಲಿ. ಆ ಕಾಗದ ಅಳೆದುಕೊಟ್ಟ ಸರ್ವೆಯವಳು ನಾನೇ ಎಂದೆ. ಅವಳು ಕೋಲಿನಿಂದ ನೆಲಕ್ಕೆ ಎರಡು ಸಲ ತಟ್ಟಿ, ಕುರಿ ಹೊಡೆದುಕೊಂಡು ರಸ್ತೆಯ ಕಡೆ ನಡೆದುಬಿಟ್ಟಳು.

ಮರು ಅಳತೆಗೆ ಆದೇಶ ಆಯಿತು. ಈ ಸಲ ಮೂರು ಕಲ್ಲುಗಳಿಂದ ತಾಳೆ ನೋಡಿದರು. ಚೈನಿನಲ್ಲಿ ಒಮ್ಮೆ, ಉಪಗ್ರಹದಿಂದ ಅಳೆಯುವ ರೋವರ್‌ನಲ್ಲಿ ಇನ್ನೊಮ್ಮೆ. ಮಾಲೀಕನೂ ಬಂದಿದ್ದ. ದೂರದಲ್ಲಿ ನಿಂತು, ಪ್ರತಿ ಕಲ್ಲಿನ ಹತ್ತಿರ ಬಂದು ನೋಡಿ, ಮತ್ತೆ ದೂರ ಹೋಗುತ್ತಿದ್ದ. ನಾನು ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಕಾಲುದಾರಿಯ ಪಟ್ಟಿ ಪೂರ್ತಿಯಾಗಿ ಬೇಲಿಯ ಒಳಗೆ ಬಂತು. ಜನ ನಡೆದು ಸವೆದ ಹಳೆಯ ಜಾಡಿನ ಮೇಲೆಯೇ ಗೆರೆ ಬಿದ್ದಾಗ ತಾಲ್ಲೂಕು ಸರ್ವೆಯರ್ ನನ್ನ ಕಡೆ ನೋಡಿ ತಲೆಯಾಡಿಸಿದರು.

ಇಷ್ಟಾದರೂ ಮುಗಿಯಲಿಲ್ಲ. ತಹಶೀಲ್ದಾರರ ಮುಂದೆ ವಿಚಾರಣೆಗೆ ಕೂತಾಗ ಮ್ಯಾನೇಜರು ಹೊಸ ಮಾತು ತಂದರು.

"ಅಳತೆ ಒಪ್ಪಿದ್ವಿ ಸರ್. ಆದರೆ ಬೇಲಿ ಸರಿಸಿದರೆ ಎರಡು ಸಾಲು ಫಲಕ ಕೀಳಬೇಕಾಗುತ್ತೆ. ಬದಲಿಗೆ ಎರಡೂ ತುದಿಯಲ್ಲಿ ಗೇಟು ಇಡ್ತೀವಿ. ಬೆಳಿಗ್ಗೆ ಎಂಟಕ್ಕೆ ತೆಗೀತೀವಿ, ಸಂಜೆ ಐದಕ್ಕೆ ಹಾಕ್ತೀವಿ. ಬರೋರು ಪುಸ್ತಕದಲ್ಲಿ ಹೆಸರು ಬರೆದು ಹೋಗ್ಲಿ."

ನೇಕಾರರು ನನ್ನ ಕಿವಿಯಲ್ಲಿ, "ಒಪ್ಪಿಬಿಡೋಣ ಮೇಡಂ. ನಮಗೆ ಎಂಟು ಗಂಟೆ ಸಾಕು" ಎಂದರು. ಅಲೆದಾಡಿ ಅವರಿಗೂ ಸಾಕಾಗಿತ್ತು. ಪ್ರತಿ ವಿಚಾರಣೆಗೂ ಒಂದು ದಿನ ಮಗ್ಗ ನಿಲ್ಲುತ್ತಿತ್ತು. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಅವ್ವ ಎದ್ದು ನಿಂತಳು.

"ಸ್ವಾಮೇರೆ, ಕುರಿ ಎಂಟು ಗಂಟೆ ತಂಕ ದೊಡ್ಡೀಲಿ ನಿಲ್ಲಾಕಿಲ್ಲ. ಹೊತ್ತು ಹುಟ್ಟೋಕೆ ಮುಂಚೆ ಹೊಂಡ್ತಾವೆ. ಸಂಜೆ ಐದಕ್ಕೆ ದೊಣೆ ತಾವ ನೀರು ಕುಡೀತಾ ಇರ್ತಾವೆ. ಇವರು ಗೇಟು ಹಾಕಿದ್ರೆ ನಾನು ಆ ಕಡೆ, ಮನೆ ಈ ಕಡೆ. ಆಮೇಲೆ ಹೆಸರು. ನನಗೆ ಬರೆಯಾಕೆ ಬರಲ್ಲ. ಬಂದ್ರೂ, ಊರ ದಾರೀಲಿ ನಡೆಯಾಕೆ ಹೆಸರು ಯಾಕೆ ಬರೀಬೇಕು?"

ನೇಕಾರರು ಅವ್ವನನ್ನೇ ನೋಡುತ್ತ ಕೂತಿದ್ದರು. ಆಮೇಲೆ ತಾವೂ ಎದ್ದು, "ನಮ್ಮದೂ ಅದೇ ಮಾತು ಸರ್. ಗೇಟು ಬೇಡ" ಎಂದರು.

ತಹಶೀಲ್ದಾರರು ನನ್ನನ್ನು ಕೇಳಿದರು. "ನಿಮ್ಮದು?"

"ನಕಾಶೆಯಲ್ಲಿ ಗೇಟಿಲ್ಲ ಸರ್. ಚುಕ್ಕೆಸಾಲು ಅಷ್ಟೇ ಇರೋದು" ಎಂದೆ.

ಅರಣ್ಯ ಇಲಾಖೆಯವರ ಅಭಿಪ್ರಾಯವನ್ನೂ ಕೇಳಿದ್ದರು. ದೊಣೆಯಿಂದ ಮೇಲಿನ ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ, ಹೊರಗಿನಿಂದ ಬಂದು ಗುಡ್ಡ ಹತ್ತುವವರು ದೊಣೆ ದಾಟಬಾರದು, ಬೆಳಕಿರುವಾಗಷ್ಟೇ ಬರಬೇಕು ಎಂದು ಅಲ್ಲಿಯ ಅಧಿಕಾರಿ ಹೇಳಿದರು. ಅಂದರೆ ಗುಡ್ಡದ ನೆತ್ತಿ ಇನ್ನು ಮೇಲೆ ನೇಕಾರರ ಗುಂಪಿಗಿಲ್ಲ. ನೆತ್ತಿಯವರೆಗೂ ಸುಣ್ಣದ ಬಾಣ ಹಾಕಿದ್ದವರು ಅವರು. ಇದನ್ನು ಮಾತ್ರ ನಾವು ಒಪ್ಪಿದೆವು. ಕರಡಿಯ ಮಾತು ನಿಜವಾಗಿತ್ತು. ಅವ್ವ ಕೂಡ ಕುರಿಗಳನ್ನು ದೊಣೆಯ ಮೇಲಕ್ಕೆ ಬಿಡುವುದಿಲ್ಲ. ಮುಂದಿನ ವಾರವೇ ನೇಕಾರರು ಅರಣ್ಯದವರ ಜೊತೆ ಹೋಗಿ, ಮೇಲಿನ ಬಾಣಗಳನ್ನೆಲ್ಲ ತಾವೇ ಉಜ್ಜಿ ತೆಗೆದು ಬಂದರು. ಬಂದ ಮೇಲೆ ಫೋನು ಮಾಡಿ, "ಹತ್ತೋಕಿಂತ ಅಳಿಸೋದೇ ಕಷ್ಟ ಆಯ್ತು ಮೇಡಂ" ಎಂದರು.

ಆದೇಶ ಬಂತು. ಕಾಲುದಾರಿ ಸಾರ್ವಜನಿಕರದು, ಅದಕ್ಕೆ ಗೇಟು ಇಲ್ಲ, ಬೇಲಿಯನ್ನು ಸರಿಯಾದ ಗಡಿಗೆ ಸರಿಸಬೇಕು. ಕಂಪನಿ ಮೇಲ್ಮನವಿಗೆ ಹೋಗಲಿಲ್ಲ. ಕಂಬ ಕೀಳುವ ದಿನ ಮ್ಯಾನೇಜರು ನನಗೆ ಫೋನು ಮಾಡಿ, "ನಿಮ್ಮ ಕಾಗದ ನಂಬಿ ಹಾಕಿದ ಬೇಲಿ ಮೇಡಂ, ನಿಮ್ಮ ಕಾಗದ ನಂಬಿಯೇ ತೆಗೀತಾ ಇದೀವಿ" ಎಂದರು. ತಪ್ಪಾಯಿತು ಎಂದಷ್ಟೇ ಹೇಳಿದೆ. ಅದೇ ವಾರ ನನ್ನ ಇಲಾಖೆಯ ಪತ್ರವೂ ಬಂತು. ಪರವಾನಗಿಗೆ ಆರು ತಿಂಗಳ ಅಮಾನತು. ನಾನು ಅಳೆದ ಹಳೆಯ ನಕ್ಷೆಗಳಲ್ಲಿ ಒಂದೇ ಕಲ್ಲಿನ ಮೇಲೆ ನಿಂತವು ಇದ್ದರೆ ಪಟ್ಟಿ ಕೊಡಬೇಕು ಎಂದೂ ಬರೆದಿದ್ದರು. ಟ್ರಂಕಿನ ಪುಸ್ತಕಗಳನ್ನೆಲ್ಲ ಹರಡಿಕೊಂಡು ಒಂದೊಂದೇ ಪುಟ ನೋಡಿದೆ. ಅಂಥವು ಇನ್ನೂ ನಾಲ್ಕು ಇದ್ದವು. ಬರೆದು ಕಳಿಸಿದೆ. ಅವುಗಳ ಮರು ಅಳತೆಯೂ ನಡೆಯಿತು. ಮೂರು ಸರಿಯಾಗಿದ್ದವು, ಒಂದರಲ್ಲಿ ಸಣ್ಣ ತಿದ್ದುಪಡಿಯಾಯಿತು.

ದಾರಿ ತೆರೆದ ಮೇಲಿನ ಮೊದಲ ಅಮಾವಾಸ್ಯೆಗೆ ನೇಕಾರರು ನನ್ನನ್ನೂ ಕರೆದರು. ಕೈಯಲ್ಲಿ ಚೈನಿಲ್ಲ, ಫೈಲಿಲ್ಲ, ನೀರಿನ ಬಾಟಲಿ ಮಾತ್ರ. ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ನಾವು ಹೋಗುವ ಹೊತ್ತಿಗೆ ಅವ್ವನ ಮಂದೆ ಹೊಲದ ತಲೆಯಲ್ಲಿ ನಿಂತಿತ್ತು. ನೇಕಾರರು ಗುಂಪನ್ನು ಪಕ್ಕಕ್ಕೆ ನಿಲ್ಲಿಸಿ, "ಮೊದಲು ಕುರಿ ಹೋಗ್ಲಿ" ಎಂದರು. ಒಂದರ ಬಾಲಕ್ಕೆ ಒಂದು ಅಂಟಿಕೊಂಡಂತೆ ಕುರಿಗಳು ಎರಡು ಬೇವಿನ ಮರಗಳನ್ನು ದಾಟಿ ಒಳಗೆ ನುಗ್ಗಿದವು. ದೂಳೆದ್ದಿತು. ಎರಡು ವರ್ಷ ಆ ದಾರಿ ಕಾಣದಿದ್ದರೂ ಮುಂದಿನ ಟಗರು ಎಲ್ಲೂ ತಡೆಯಲಿಲ್ಲ.

ಮಂದೆಯ ಕೊನೆಯಲ್ಲಿ ಬಂದ ಅವ್ವ ನನ್ನ ಮುಂದೆ ನಿಂತಳು. ಹೊಲದ ಬದಿಯ ಆ ದಿನದ ನಂತರ ಅವಳು ನನ್ನ ಜೊತೆ ನೇರವಾಗಿ ಮಾತಾಡಿದ್ದು ಇದೇ ಮೊದಲು.

"ನೀ ಬಾಯಿ ಬಿಡ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದಳು.

"ಹೌದವ್ವ."

"ನಿನ್ನ ಕೆಲಸ ಹೋತಂತೆ?"

"ಆರು ತಿಂಗಳು."

"ನನಗೆ ಎರಡು ವರ್ಷ" ಎಂದಳು. "ಎರಡು ವರ್ಷ ಟಾರು ರೋಡು ತುಳಿಸ್ದೆ ನೀನು. ಆ ಗಬ್ಬದ ಕುರೀನ ನಾನೇ ರೋಡಿಂದ ಎಳೆದು ಹಾಕ್ದೆ. ಅದನ್ನ ಮರೆಯಾಕಿಲ್ಲ ನಾನು."

"ಮರೀಬೇಡವ್ವ" ಎಂದೆ. ಬೇರೆ ಯಾವ ಮಾತೂ ಆ ಗಳಿಗೆಗೆ ಸರಿ ಅನ್ನಿಸಲಿಲ್ಲ.

ಕುರಿಗಳು ಅಷ್ಟರಲ್ಲಿ ತುಂಬ ಮುಂದೆ ಹೋಗಿದ್ದವು. ಅವ್ವ ಕೋಲು ಹೆಗಲಿಗೇರಿಸಿ ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತು ಹಿಂದೆ ತಿರುಗಿ, "ನಿಂತೇ ಇರ್ತೀಯಾ? ಬಿಸ್ಲು ಏರ್ತೈತೆ, ನಡಿ" ಎಂದಳು.

ನಾನು ನಡೆದೆ.